ರಾಜಕೀಯಕ್ಕೊಂದು ಧಾಬಳಿ

ಕೆಂಪು ಧೂಳಿನ ಊರಿನಲ್ಲಿದ್ದುಕೊಂಡು ಬಿಳಿ ಬಟ್ಟೆಯನ್ನೇ ಉಡುತ್ತೇನೆಂದು ಹಟ ಹಿಡಿದ ಮನುಷ್ಯ ಎಷ್ಟು ದೊಡ್ಡ ಆದರ್ಶವಾದಿ ಎಂದು ತಿಳಿಯಬೇಕಾದರೆ ಅವನನ್ನು ಕೇಳಬಾರದು, ಅವನ ಬಟ್ಟೆ ಒಗೆಯುವವರನ್ನು ಕೇಳಬೇಕು. ನಮ್ಮ ಮನೆಯಲ್ಲಿ ಆ ಮನುಷ್ಯ ನನ್ನ ಮಾವನವರು, ಒಗೆಯುವವರು ನನ್ನ ಅತ್ತೆ. ವಾಷಿಂಗ್ ಮಷಿನ್ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಅದು ಮಡಿಗೆ ಬರುವುದಿಲ್ಲ ಎಂದು ಅತ್ತೆಯ ತೀರ್ಮಾನ, ಖಾದಿ ಅದರಲ್ಲಿ ಹಾಳಾಗುತ್ತದೆ ಎಂದು ಮಾವನವರ ತೀರ್ಮಾನ. ಹೀಗಾಗಿ ಅದರಲ್ಲಿ ನನ್ನ ಮತ್ತು ನನ್ನ ಗಂಡನ ಬಟ್ಟೆಗಳು, ಅಂದರೆ ತತ್ತ್ವ ಸಿದ್ಧಾಂತ ಇಲ್ಲದವರ ಬಟ್ಟೆಗಳು ಮಾತ್ರ ತಿರುಗುತ್ತವೆ.

ನಾನು ಕಂಪ್ಲಿಯವಳು. ಅಲ್ಲಿ ನದಿ, ಕಾಲುವೆ, ಬತ್ತದ ಗದ್ದೆ, ಬಾಳೆ. ಅಂಗಳಕ್ಕೆ ಚೂರು ನೀರು ಚಿಮುಕಿಸಿದರೆ ಏನಾದರೊಂದು ಹಸುರು ತಲೆಯೆತ್ತುತ್ತದೆ. ಅಲ್ಲಿಂದ ಮದುವೆಯಾಗಿ ಬಂದದ್ದು ಸಂಡೂರಿನಿಂದ ಯಶವಂತನಗರದ ಕಡೆಗೆ ಹೋಗುವ ದಾರಿಯಲ್ಲಿರುವ ಒಂದು ಊರಿಗೆ. ಮನೆ ರಸ್ತೆಗೆ ಅಂಟಿಕೊಂಡೇ ಇದೆ. ರಸ್ತೆಯ ತುಂಬ ಅದಿರಿನ ಲಾರಿಗಳು, ಒಂದರ ಬೆನ್ನಿಗೆ ಇನ್ನೊಂದು. ಹೊಸ ಸೊಸೆಯ ಹುರುಪಿನಲ್ಲಿ ಮೊದಲ ದಿನವೇ ಬಾಗಿಲ ಮುಂದೆ ದೊಡ್ಡದೊಂದು ರಂಗೋಲಿ ಹಾಕಿ, ಒಳಗೆ ಹೋಗಿ ಕಾಫಿ ಕುಡಿದು ಬಂದೆ. ಅಷ್ಟರಲ್ಲಿ ಬಿಳಿ ರಂಗೋಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ನಾನು ಬೆಪ್ಪಾಗಿ ನಿಂತದ್ದನ್ನು ನೋಡಿ ಅತ್ತೆ ನಕ್ಕರು.

“ನಮ್ಮೂರಾಗ ರಂಗೋಲಿಗೆ ಬಣ್ಣ ತುಂಬೂ ಕೆಲಸ ಇಲ್ಲ ನೋಡವ್ವಾ. ಗೆರಿ ನಾವು ಎಳೀತೀವಿ, ಬಣ್ಣ ಲಾರಿ ತುಂಬ್ತಾವ.”

ಮಾವನವರು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ನಿವೃತ್ತಿಯಾದ ಮರುದಿನದಿಂದಲೇ ಲಾರಿಗಳ ಮೇಲೆ ಯುದ್ಧ ಸಾರಿದರು. ಅವರ ಬೇಡಿಕೆ ಒಂದೇ: ಊರ ಹೊರಗೆ ಬೈಪಾಸ್ ರಸ್ತೆ ಆಗಬೇಕು, ಊರೊಳಗೆ ಒಂದೇ ಒಂದು ಅದಿರಿನ ಲಾರಿ ಬರಬಾರದು. ಅಲ್ಲಿಯವರೆಗೆ ತಾನು ಬಿಳಿ ಧೋತರ, ಬಿಳಿ ಅಂಗಿ ಬಿಟ್ಟು ಬೇರೆ ಉಡುವುದಿಲ್ಲ. ಧೂಳು ಎಷ್ಟಿದೆ ಎಂಬುದು ತನ್ನ ಮೈಮೇಲೆಯೇ ಎಲ್ಲರಿಗೂ ಕಾಣಲಿ. ಈ ಪ್ರತಿಜ್ಞೆಯನ್ನು ಪಂಚಾಯಿತಿ ಕಟ್ಟೆಯ ಮೇಲೆ ಮೈಕ್ ಹಿಡಿದು ಮಾಡಿದರು. ಚಪ್ಪಾಳೆ ಬಿತ್ತು. ಆ ಹೊತ್ತಿಗೆ ಅತ್ತೆ ಮನೆಯಲ್ಲಿ ಹೆಸರುಬೇಳೆ ನೆನೆಹಾಕುತ್ತಿದ್ದರಂತೆ. ತಮ್ಮ ಮುಂದಿನ ವರ್ಷಗಳ ಕೆಲಸ ಮೈಕಿನಲ್ಲಿ ನಿಗದಿಯಾದದ್ದು ಅವರಿಗೆ ಸಾಯಂಕಾಲ ಗೊತ್ತಾಯಿತು.

ಅವರ ಮಗ, ಅಂದರೆ ನನ್ನ ಗಂಡ, ಆ ಅದಿರು ತೆಗೆಯುವ ಗಣಿಯ ಆಫೀಸಿನಲ್ಲಿ ಕೆಲಸಕ್ಕಿದ್ದಾನೆ. ಅಪ್ಪ ಯಾವುದರ ವಿರುದ್ಧ ಘೋಷಣೆ ಕೂಗುತ್ತಾರೋ ಮಗ ಅದರ ಬಸ್ಸು ಹತ್ತಿ ಡ್ಯೂಟಿಗೆ ಹೋಗುತ್ತಾನೆ. ಇದಕ್ಕೆ ಮಾವನವರು ಒಂದು ದಾರಿ ಕಂಡುಕೊಂಡಿದ್ದರು. ತಾನು ಉಣ್ಣುವ ಅಕ್ಕಿ ತನ್ನ ಪೆನ್ಶನ್ನಿನಲ್ಲಿ ಬಂದದ್ದಾಗಿರಬೇಕು. ಸರಿ ಎಂದು ಅತ್ತೆ ಪೆನ್ಶನ್ನಿನ ಅಕ್ಕಿ ಬೇರೆ, ಸಂಬಳದ ಅಕ್ಕಿ ಬೇರೆ ತರಿಸಿ, ಎರಡನ್ನೂ ಒಂದೇ ಡಬ್ಬಿಗೆ ಸುರಿದು ಮುಚ್ಚಳ ಹಾಕುತ್ತಿದ್ದರು. ನಾನು ಬಾಯಿ ತೆರೆಯಲು ಹೋದರೆ ಕಣ್ಣಲ್ಲೇ ಗದರಿಸುತ್ತಿದ್ದರು.

ಅತ್ತೆಗೂ ಒಂದು ಬೇಡಿಕೆ ಇತ್ತು. ಅದನ್ನು ಯಾರೂ ಮೈಕಿನಲ್ಲಿ ಹೇಳಿರಲಿಲ್ಲ. ಅವರಿಗೆ ತಮ್ಮ ಮಾಳಿಗೆ ಬೇಕಾಗಿತ್ತು.

ಲಾರಿಗಳು ಇಷ್ಟೊಂದು ಇಲ್ಲದ ಕಾಲದಲ್ಲಿ, ಶಿವರಾತ್ರಿ ಕಳೆದು ಬಿಸಿಲು ಬಲಿತೊಡನೆ ಅವರು ಮಾಳಿಗೆಯ ಮೇಲೆ ಸಂಡಿಗೆ ಇಡುತ್ತಿದ್ದರು. ಮಾವನವರ ಹಳೆಯ ಧೋತರಗಳನ್ನು ಹಾಸಿ, ಅಕ್ಕಿ ಹಿಟ್ಟಿನ ಬಿಸಿ ಅಂಬಲಿಯನ್ನು ಸೌಟಿನಿಂದ ಬಿಲ್ಲೆ ಬಿಲ್ಲೆಯಾಗಿ ಬಿಡುವುದು, ನೆರಳಿಗೆ ಕೂತು ಕಾಗೆ ಓಡಿಸುವುದು, ಓಣಿಯ ಹೆಂಗಸರೊಂದಿಗೆ ಮಾಳಿಗೆಯಿಂದ ಮಾಳಿಗೆಗೆ ಮಾತಾಡುವುದು. ವರ್ಷದಲ್ಲಿ ಆ ಕೆಲವು ದಿನ ಅವರು ಅಡುಗೆಮನೆಯಿಂದ ಹೊರಗೆ, ಆಕಾಶದ ಕೆಳಗೆ ಇರುತ್ತಿದ್ದರು. ಧೂಳು ಹೆಚ್ಚಿದ ಮೇಲೆ ಅದು ನಿಂತೇ ಹೋಯಿತು. ಮಾಳಿಗೆಯ ಬಾಗಿಲಿಗೆ ಗೋಣಿತಟ್ಟು ಕಟ್ಟಿದರು. ಸಂಡಿಗೆಯನ್ನು ನಾನು ಕಂಪ್ಲಿಯ ತವರಿನಿಂದ ಮಾಡಿಸಿ ತರುತ್ತಿದ್ದೆ. ಬೀಗರ ಮನೆಯ ಸಂಡಿಗೆ ಅತ್ತೆಗೆ ನುಂಗಲಾರದ ತುತ್ತು. ಯುಗಾದಿಗೆ ಬೇವನ್ನೂ ಅಲ್ಲಿಂದಲೇ ತರುತ್ತಿದ್ದೆ. ನಮ್ಮ ಮಾಳಿಗೆಗೆ ತಾಗಿ ರಸ್ತೆಯ ಬದಿಗೆ ದೊಡ್ಡ ಬೇವಿನ ಗಿಡವೇ ಇದೆ, ಆದರೆ ಅದರ ಎಲೆಗೆ ಹಸುರು ಎಂದು ಹೆಸರಿಗೂ ಇರಲಿಲ್ಲ. ಅತ್ತೆಗೆ ಆಗಲೇ ಮೊಣಕಾಲು ನೋವು ಶುರುವಾಗಿತ್ತು. ಮಾಳಿಗೆಯ ಮೆಟ್ಟಿಲು ಕಡಿದಾದದ್ದು.

“ನಿಮ್ಮ ಬೈಪಾಸ್ ಬರ್ತದ, ನಾ ಇಲ್ಲ ಅನ್ನೂದಿಲ್ಲ,” ಎಂದು ಒಂದು ದಿನ ಗಂಡನಿಗೆ ಹೇಳಿದರು. “ಅದು ಬರೂದ್ರಾಗ ನನ್ನ ಮೊಣಕಾಲು ಹೋಗಿರ್ತಾವ. ಆಮ್ಯಾಲೆ ಮಾಳಿಗಿ ಎಷ್ಟು ಸ್ವಚ್ಛ ಇದ್ರೇನು, ಯಾರು ಹತ್ತೋರು?”

ಮಾವನವರ ಹತ್ತಿರ ನ್ಯಾಯಕ್ಕೆ ಉತ್ತರವಿತ್ತು, ಮೊಣಕಾಲಿಗೆ ಇರಲಿಲ್ಲ.

ಲೋಕ ಸುಧಾರಿಸುತ್ತಿದೆಯೋ ಕೆಡುತ್ತಿದೆಯೋ ಎಂಬ ವಾದ ನಮ್ಮ ಮನೆಯಲ್ಲಿ ಊಟದ ಜೊತೆ ಉಪ್ಪಿನಕಾಯಿಯ ಹಾಗೆ ದಿನಾ ಇರುತ್ತದೆ. ಮಾವನವರು ಕೆಡುತ್ತಿದೆ ಎನ್ನುವ ಪಕ್ಷ. ಒಂದು ಸಲ ನೆಂಟರು ಬಂದಾಗ ಎಲ್ಲರೂ ಹಂಪಿಗೆ ಹೋಗಿದ್ದೆವು. ಮಾವನವರು ಸಾಲುಕಂಬಗಳ ಹಳೆಯ ಬಜಾರಿನ ನಡುವೆ ನಿಂತು ಮೈಮರೆತು ವಿವರಿಸತೊಡಗಿದರು. ಎಂಥ ಪೇಟೆ, ಎಂಥ ಕಾಲುವೆ, ಎಂಥ ಆಳ್ವಿಕೆ, ಈಗ ನೋಡಿದರೆ ಎಂಥವರು ನಮ್ಮನ್ನು ಆಳುತ್ತಿದ್ದಾರೆ. ಪಕ್ಕದಲ್ಲಿ ಯಾವುದೋ ಊರಿನ ಪ್ರವಾಸಿಗರೂ ಗೈಡ್ ಎಂದು ತಿಳಿದು ನಿಂತು ಕೇಳಿದರು. ಅತ್ತೆ ಒಂದು ಕಲ್ಲಿನ ಮೇಲೆ ಕುಳಿತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು.

“ಎಲ್ಲಾ ಖರೆ. ಆದ್ರ ಈ ರಾಜರ ಕಾಲದಾಗ ಹೆಂಗಸರು ನೀರು ಎಲ್ಲಿಂದ ಹೊರತಿದ್ರು, ಅದನ್ನ ಹೇಳ್ರಿ.”

“ಹೊಳಿಯಿಂದ. ಕಾಲುವಿಯಿಂದ.”

“ನಮ್ಮನಿಯಾಗ ನಳ ಅದ. ಹಂಗಾದ್ರ ಇಷ್ಟು ಸುಧಾರಿಸೇದ.”

“ನಳ ಅದ. ನೀರು ವಾರಕ್ಕೊಮ್ಮಿ ಬರ್ತದ.”

“ಅಷ್ಟೂ ಸುಧಾರಿಸಿಲ್ಲ ಅಂತ ಬರಕೋರಿ. ನಾ ಎಲ್ಲಿ ಪೂರಾ ಸುಧಾರಿಸೇದ ಅಂದೆ?”

ಪ್ರವಾಸಿಗರು ನಕ್ಕರು. ಮಾವನವರಿಗೆ ನಗು ಬರಲಿಲ್ಲ. ಅವರಿಗೆ ಪೂರಾ ಆಗದ್ದು ಏನೂ ಲೆಕ್ಕಕ್ಕಿಲ್ಲ.

ಅತ್ತೆಯ ರಾಜಕೀಯ ಸಿದ್ಧಾಂತ ಹೊರಬಿದ್ದದ್ದು ಒಂದು ಮಳೆಗಾಲದ ದಿನ. ನಮ್ಮದು ವೈಷ್ಣವರ ಮನೆ, ಮಡಿ ಬಹಳ. ದೇವರ ಪೂಜೆಗೆ, ನೈವೇದ್ಯದ ಅಡುಗೆಗೆ ಉಡುವ ಬಟ್ಟೆಯನ್ನು ಸ್ನಾನ ಮಾಡಿದವರೇ ಹಿಂಡಿ, ಮೇಲೆ ಕಟ್ಟಿದ ಗಳಕ್ಕೆ ಕೋಲಿನಿಂದ ಹರವಬೇಕು. ಉಡುವವರೆಗೆ ಯಾರೂ ಮುಟ್ಟಬಾರದು. ದಿನಾ ಒಗೆಯಬೇಕು, ದಿನಾ ಒಣಗಿಸಬೇಕು. ಅಂದು ಮೂರು ದಿನದ ಜಿಟಿಜಿಟಿ ಮಳೆಗೆ ಬಟ್ಟೆ ಒಣಗಿರಲಿಲ್ಲ. ಅತ್ತೆ ಪೆಟ್ಟಿಗೆಯಿಂದ ಧಾಬಳಿ ತೆಗೆದು ಉಟ್ಟು ಒಲೆಯ ಮುಂದೆ ನಿಂತರು. ಧಾಬಳಿ ಎಂದರೆ ಉಣ್ಣೆಯ ವಸ್ತ್ರ. ಅದನ್ನು ದಿನಾ ಒಗೆಯಬೇಕಾಗಿಲ್ಲ. ಉಣ್ಣೆಗೆ ಮೈಲಿಗೆ ಅಂಟುವುದಿಲ್ಲ ಎಂದು ಹಿಂದಿನವರು ಠರಾವು ಮಾಡಿಬಿಟ್ಟಿದ್ದಾರೆ. ಯಾಕೆ ಅಂಟುವುದಿಲ್ಲ ಎಂದು ನಾನು ಕೇಳಿದೆ.

“ಅಂಟ್ತದ,” ಎಂದರು ಅತ್ತೆ, ಸಾರಿಗೆ ಒಗ್ಗರಣೆ ಹಾಕುತ್ತ. “ಯಾಕ ಅಂಟೂದಿಲ್ಲ? ಆದ್ರ ಮಡಿ ಮಾಡಿದ ಹಿರಿಯಾರು ಶಾಣ್ಯಾರು. ಮನುಷ್ಯಾರ ಕೈಲೆ ದಿನಾ ಪೂರಾ ಆಗೂದಿಲ್ಲ ಅಂತ ಅವರಿಗೆ ಗೊತ್ತಿತ್ತು. ಮಡಿನೇ ಬಿಟ್ಟುಬಿಡ್ತಾರ ಇವರು ಅಂತ ಧಾಬಳಿ ಇಟ್ರು. ನಿಮ್ಮ ಮಾವನ ರಾಜಕೀಯದಾಗ ಒಂದು ಧಾಬಳಿನೂ ಇಲ್ಲ ನೋಡು. ಇದ್ರ ಪೂರಾ ಇರಬೇಕು, ಇಲ್ಲಂದ್ರ ಬತ್ತಲೆ.”

ಹಜಾರದಲ್ಲಿ ಪೇಪರ್ ಓದುತ್ತಿದ್ದ ಮಾವನವರಿಗೆ ಕೇಳಿಸಿತು. “ಎಲ್ಲರೂ ಧಾಬಳಿ ಉಟ್ಟೇ ದೇಶ ಹಿಂಗಾಗೇದ,” ಎಂದು ಅಲ್ಲಿಂದಲೇ ಕೂಗಿದರು. “ಉಡೋರು ಭಾಳ ಮಂದಿ. ಒಗಿಯೋರು ಯಾರೂ ಇಲ್ಲ.”

ಆ ಮಾತೂ ಸುಳ್ಳಲ್ಲ ಎಂದು ನನಗೆ ಅನ್ನಿಸಿತು. ನನ್ನ ಕಷ್ಟವೇ ಅದು, ಈ ಮನೆಯಲ್ಲಿ ಇಬ್ಬರ ಮಾತೂ ನನಗೆ ಸರಿ ಎನ್ನಿಸುತ್ತದೆ.

ಅದರ ಮುಂದಿನ ಬೇಸಿಗೆಗೆ ರಸ್ತೆ ತಡೆ ಆಯಿತು. ಊರಿನವರೆಲ್ಲ ರಸ್ತೆಯಲ್ಲಿ ಕುಳಿತರು, ಲಾರಿಗಳು ನಿಂತವು, ಪೊಲೀಸರು ಬಂದರು. ಕೊನೆಗೆ ಮಾತುಕತೆ ಮುಗಿಯುವ ತನಕ ಲಾರಿ ಓಡಿಸುವುದಿಲ್ಲ ಎಂದು ಲಾರಿ ಮಾಲೀಕರು ಒಪ್ಪಿಕೊಂಡರು. ಅವರ ಮುಖಂಡ ಸಂಡೂರಿನವನು, ಪಕ್ಷವೊಂದರಲ್ಲೂ ಓಡಾಡಿಕೊಂಡಿರುವ ಮನುಷ್ಯ, ಹಿಂದೆ ನನ್ನ ಮಾವನವರ ವಿದ್ಯಾರ್ಥಿ. ಅವನ ಕೈಯಿಂದ ಗುಟುಕು ನೀರು ಕೂಡ ಮುಟ್ಟುವುದಿಲ್ಲ ಎಂಬುದು ಮಾವನವರ ಇನ್ನೊಂದು ಪ್ರತಿಜ್ಞೆ.

ರಸ್ತೆ ಮೌನವಾಯಿತು. ಮಾವನವರು ಮಾತುಕತೆಗೆ ಸಿದ್ಧರಾಗುತ್ತಿದ್ದಾಗ ಅತ್ತೆ ಸದ್ದಿಲ್ಲದೆ ಮಾಳಿಗೆಯ ಬಾಗಿಲಿನ ಗೋಣಿತಟ್ಟು ಕಿತ್ತರು. ಮೆಟ್ಟಿಲಿಗೊಮ್ಮೆ “ಹರಿ ಹರಿ” ಎನ್ನುತ್ತ ಹತ್ತಿದರು. ಇಬ್ಬರೂ ಸೇರಿ ಮಾಳಿಗೆ ತೊಳೆದೆವು, ಧೋತರ ಹಾಸಿದೆವು, ಸಂಡಿಗೆ ಇಟ್ಟೆವು. ಅತ್ತೆ ಕೊಡೆಯ ನೆರಳಿನಲ್ಲಿ ಕುಳಿತು, ಎದುರು ಮಾಳಿಗೆಯ ಹೆಂಗಸಿನ ಜೊತೆ ಎಷ್ಟೋ ವರ್ಷದ ಬಾಕಿ ಮಾತೆಲ್ಲ ಮುಗಿಸಿದರು. ಅವರ ಮುಖ ಅಷ್ಟು ಹಗುರಾಗಿದ್ದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮಾತುಕತೆ ಅದೇ ಮಧ್ಯಾಹ್ನ ಮುರಿದುಬಿತ್ತು. ಲಾರಿಗೆ ತಾಡಪಾಲು ಕಟ್ಟುತ್ತೇವೆ, ರಸ್ತೆಗೆ ನೀರು ಹೊಡೆಸುತ್ತೇವೆ, ಶಾಲೆ ಬಿಡುವ ಹೊತ್ತಿಗೆ ನಿಲ್ಲಿಸುತ್ತೇವೆ ಎಂದರಂತೆ. “ಸ್ವಲ್ಪ ನೀವೂ ಅಡ್ಜಸ್ಟ್ ಮಾಡ್ಕೋರಿ, ಸರ್” ಎಂದನಂತೆ ಮುಖಂಡ. ಅಡ್ಜಸ್ಟ್ ಎಂಬ ಮಾತು ಕೇಳಿದರೆ ಮಾವನವರಿಗೆ ಮೈಯೆಲ್ಲ ಉರಿಯುತ್ತದೆ. ಬೈಪಾಸ್ ಬಿಟ್ಟು ಬೇರೆ ಮಾತಿಲ್ಲ ಎಂದು ಎದ್ದು ಬಂದರು. ಮಾತುಕತೆ ಮುಗಿಯಿತಲ್ಲ, ನಿಂತಿದ್ದ ಲಾರಿಗಳೆಲ್ಲ ಒಮ್ಮೆಲೇ ಹೊರಟವು. ನಾವು ಮೆಟ್ಟಿಲು ಹತ್ತಿ ಹೋಗುವುದರೊಳಗೆ ಮಾಳಿಗೆಯ ಮೇಲೆ ಕೆಂಪು ಮೋಡ ಇಳಿದಿತ್ತು. ಒದ್ದೆ ಸಂಡಿಗೆ ಧೂಳನ್ನು ಅಂಟಿಸಿಕೊಂಡು ಕುಂಕುಮದ ಬಿಲ್ಲೆಗಳಾಗಿದ್ದವು.

ಮಾವನವರು ವೀರಾವೇಶದಿಂದ ಮನೆಗೆ ಬಂದರು. ಅತ್ತೆ ಒಂದು ಸಂಡಿಗೆ ಎತ್ತಿ ಅವರ ಅಂಗೈಯಲ್ಲಿಟ್ಟರು.

“ಗೆದ್ದು ಬಂದೀರಿ, ತಿನ್ರಿ.”

ಅವರು ಸಂಡಿಗೆಯನ್ನು ತಿರುಗಿಸಿ ನೋಡಿದರು.

“ನಾಳಿಂದ ನಿಮ್ಮ ಬಿಳಿ ಬಟ್ಟಿ ನೀವೇ ಒಗಕೋರಿ. ನಾ ಮೈಲಿಗಿ ಧೋತರಕ್ಕೆ ಕೈ ಹಚ್ಚೂದಿಲ್ಲ. ಇದು ನನ್ನ ಪ್ರತಿಜ್ಞಾ. ಮೈಕ್ ಬೇಕಾದ್ರ ತರಿಸ್ರಿ.”

ಈ ಮುಷ್ಕರವನ್ನು ನಾನು ಒಳಗೊಳಗೇ ಬಹಳ ಆನಂದಿಸಿದೆ ಎಂದು ಹೇಳಿಬಿಡುವುದೇ ವಾಸಿ. ಮಾವನವರು ಜೀವನದಲ್ಲಿ ಮೊದಲ ಸಲ ಬಚ್ಚಲುಮನೆಯಲ್ಲಿ ಮಣೆಯ ಮೇಲೆ ಕುಳಿತು ಧೋತರ ಒಗೆದರು. ಮೊದಲ ಬಕೆಟ್ ಓಕುಳಿ. ಎರಡನೆಯದೂ ಓಕುಳಿ. ಮೂರನೆಯದಕ್ಕೂ ನೀರು ತಿಳಿಯಾಗಲಿಲ್ಲ. “ಇದು ಎಷ್ಟು ಸಲಾ ಜಾಲಿಸಬೇಕು?” ಎಂದು ಬಾಗಿಲಿಂದ ತಲೆ ಹೊರಗಿಟ್ಟು ನನ್ನನ್ನು ಕೇಳಿದರು. ಬಿಳಿ ಬರೋ ತನಕ ಎಂದೆ. ಬಿಳಿ ಬರಲಿಲ್ಲ. ಆಗ ಅವರಿಗೆ ನೀಲಿ ಹಾಕುವ ವಿಷಯ ನೆನಪಾಯಿತು. ಒಂದು ಬಕೆಟ್ಟಿಗೆ ನಾಲ್ಕು ಹನಿ ಸಾಕು ಎಂದು ಯಾರೂ ಹೇಳಿರಲಿಲ್ಲ, ಅವರೂ ಕೇಳಲಿಲ್ಲ. ಅರೆಮನಸ್ಸಿನ ಕೆಲಸ ಅವರ ಜಾಯಮಾನವೇ ಅಲ್ಲವಲ್ಲ, ಬಾಟಲಿಯನ್ನೇ ಬಗ್ಗಿಸಿದರು.

ಮರುದಿನ ಅವರು ಪೇಟೆಗೆ ಹೊರಟಾಗ ಧೋತರ ಅಚ್ಚ ನೀಲಿ, ಅಂಗಿ ಅಲ್ಲಲ್ಲಿ ನೀಲಿ. ಬೇರೆ ಧೋತರಗಳೆಲ್ಲ ಸಂಡಿಗೆಗೆ ಹಾಸಿ ಕೆಂಪಾಗಿದ್ದವು. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ “ಸರ್, ಯಾವ ಪಾರ್ಟಿ ಸೇರಿದ್ರಿ?” ಎಂದ. ಇನ್ನೊಬ್ಬ ಅಭಿನಂದನೆ ಹೇಳಿ ಕೈ ಕುಲುಕಿದ. ಸಂಜೆಯೊಳಗೆ ಮೇಷ್ಟ್ರು ಪಕ್ಷ ಬದಲಿಸಿದ್ದಾರೆ ಎಂದು ಸಂಡೂರಿನವರೆಗೆ ಸುದ್ದಿ ಮುಟ್ಟಿತ್ತು. ನನ್ನ ಗಂಡನಿಗೆ ಆಫೀಸಿನಲ್ಲಿ, “ನಿಮ್ಮಪ್ಪಗ ಟಿಕೆಟ್ ಕೊಡ್ತಾರಂತಲ್ಲೋ” ಎಂದರು.

ಮಾವನವರು ಎರಡು ದಿನ ಮನೆ ಬಿಟ್ಟು ಹೊರಬೀಳಲಿಲ್ಲ. ಬಟ್ಟೆ ಮಾತ್ರ ದಿನಾ ಒಗೆದರು. ಒಗೆಯುತ್ತ ಒಗೆಯುತ್ತ ಏನೋ ಯೋಚಿಸುತ್ತಿದ್ದರು ಎಂದು ಕಾಣುತ್ತದೆ. ಮೂರನೆಯ ದಿನ ಒದ್ದೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲಲ್ಲಿ ನಿಂತರು.

“ನಿನ್ನ ಸಂಡಿಗಿಗೆ ಎಷ್ಟೊತ್ತಿನ ಬಿಸಿಲು ಬೇಕು?”

ಅತ್ತೆ ಸೌಟು ಹಿಡಿದುಕೊಂಡೇ ತಿರುಗಿದರು. “ಪೂರಾ ದಿನ ಸಿಕ್ರ ಚಲೋ.”

“ಪೂರಾ ಸಿಗೂದಿಲ್ಲ ಅಂತ ತಿಳಕೋ.”

ಆ ಮಾತು ಅವರ ಬಾಯಿಂದ ಬಂದದ್ದಕ್ಕೆ ನಾನು ಕೊತ್ತಂಬರಿ ಸೋಸುವುದನ್ನು ಬಿಟ್ಟು ತಲೆಯೆತ್ತಿದೆ.

“ಹಂಗಾದ್ರ ಹತ್ತು ಗಂಟಿಯಿಂದ ಊಟದ ಹೊತ್ತಿನ ತನಕ,” ಎಂದರು ಅತ್ತೆ.

ಎರಡನೆಯ ಮಾತುಕತೆ ಕ್ರಾಸಿನ ಹೋಟೆಲಿನಲ್ಲಿ ನಡೆಯಿತು. ಮುಖಂಡನ ಮನೆಗೆ ಇವರು ಹೋಗುವ ಹಾಗಿಲ್ಲ, ನಮ್ಮ ಮನೆಗೆ ಅವನನ್ನು ಕರೆಯುವ ಹಾಗಿಲ್ಲ. “ನೀನೂ ಹೋಗು. ಅಡ್ಜಸ್ಟ್ ಅಂದ ಕೂಡಲೆ ಎದ್ದು ಬರದಂಗ ನೋಡ್ಕೋ,” ಎಂದು ಅತ್ತೆ ನನ್ನನ್ನು ಜೊತೆಗೆ ಕಳಿಸಿದರು. ಹೊಸಪೇಟೆಯ ವಿಮಾ ಕಚೇರಿಯಲ್ಲಿ ಕೆಲಸ ಮಾಡುವ ನನಗೆ ಜಗಳಗಂಟರನ್ನು ಕುರ್ಚಿಯಲ್ಲಿ ಕೂಡಿಸುವ ಅಭ್ಯಾಸವಿದೆ. ಮಾವನವರು ಹಳೆಯ ಬಿಳಿಯನ್ನು ಹೇಗೋ ಹೊಂದಿಸಿಕೊಂಡು ಬಂದಿದ್ದರು. ಮುಖಂಡ ಎದ್ದು ನಿಂತು ಕೈಮುಗಿದ. ಎಲ್ಲರಿಗೂ ಮಂಡಕ್ಕಿ ಒಗ್ಗರಣೆ, ಮಿರ್ಚಿ ಹೇಳಿದ. ಮಾವನವರು ಮಾಣಿಯನ್ನು ಕರೆದು ತಮ್ಮ ಚಹಾ ತಾವೇ ಹೇಳಿಕೊಂಡರು. ಮಿರ್ಚಿಯ ಕಡೆಗೆ ನೋಡಲೂ ಇಲ್ಲ. ಅವರಿಗೆ ಮಿರ್ಚಿ ಎಂದರೆ ಪ್ರಾಣ ಎಂದು ಅಲ್ಲಿದ್ದ ನನಗೊಬ್ಬಳಿಗೇ ಗೊತ್ತಿತ್ತು.

“ಬೈಪಾಸ್ ಬೇಡಿಕಿ ಬಿಡೂದಿಲ್ಲ,” ಎಂದು ಶುರುಮಾಡಿದರು. “ಅದು ಬರೋ ತನಕ ನೀವು ಅಂದದ್ದು ಮೂರೂ ಆಗಬೇಕು. ತಾಡಪಾಲು, ನೀರು, ಸಾಲಿ ಹೊತ್ತು. ಅದರ ಮ್ಯಾಲೆ ಇನ್ನೊಂದು.”

“ಹೇಳ್ರಿ, ಸರ್.”

ಮಾವನವರು ಚಹಾದ ಲೋಟವನ್ನು ಅತ್ತಿತ್ತ ಸರಿಸಿದರು. ಜೀವಮಾನವೆಲ್ಲ ದೊಡ್ಡ ದೊಡ್ಡ ಮಾತಾಡಿದವರಿಗೆ ಈ ಸಣ್ಣ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತ್ತು.

“ಶಿವರಾತ್ರಿಯಿಂದ ಮಳಿ ಬೀಳೂ ತನಕ, ದಿನಾ ಹತ್ತರಿಂದ ಊಟದ ಹೊತ್ತಿನ ತನಕ ಊರಾಗ ಲಾರಿ ಓಡಬಾರದು. ಹೆಣ್ಮಕ್ಕಳು ಮಾಳಿಗಿ ಮ್ಯಾಲೆ ಸಂಡಿಗಿ ಇಡ್ತಾರ.”

ಯಾರೋ ಕಿಸಕ್ಕನೆ ನಕ್ಕರು. ಮಾವನವರ ಕಿವಿ ಕೆಂಪಾಯಿತು. ಈಗ ಏಳುತ್ತಾರೆ ಎಂದು ನಾನು ಅವರ ಕುರ್ಚಿಯ ಬೆನ್ನು ಹಿಡಿದುಕೊಂಡೆ. ಆದರೆ ಮುಖಂಡ ನಗಲಿಲ್ಲ.

“ಇದನ್ನ ಮೊದಲೇ ಹೇಳಬಾರದೇನ್ರೀ, ಸರ್?” ಎಂದ. “ನಮ್ಮವ್ವನೂ ನಾಕು ವರ್ಷದಿಂದ ಇದೊಂದಕ್ಕೇ ನನಗ ಬೈಲಿಕತ್ತಾಳ.”

ತಾಡಪಾಲಿಗೆ ಅರ್ಧ ಗಂಟೆ ಎಳೆದಾಡಿದರು, ನೀರಿನ ಟ್ಯಾಂಕರಿಗೆ ಜಗಳವೇ ಆಯಿತು. ಸಂಡಿಗೆಯ ಕಲಮು ಮಾತ್ರ ಒಂದೇ ಗುಟುಕಿಗೆ ಪಾಸಾಯಿತು. ಅಂದಿನಿಂದ ಡ್ರೈವರುಗಳು ಆ ಹೊತ್ತಿಗೆ ‘ಸಂಡಿಗಿ ಬಂದ್’ ಎಂದೇ ಹೆಸರಿಟ್ಟಿದ್ದಾರೆ. ಲಾರಿ ಸಾಲಾಗಿ ನಿಲ್ಲಿಸಿ ಕ್ರಾಸಿನ ಹೋಟೆಲಿನಲ್ಲಿ ತಿಂದು, ಹುಣಸೆಮರದ ನೆರಳಿನಲ್ಲಿ ಗೊರಕೆ ಹೊಡೆಯುತ್ತಾರೆ.

ಆದರೆ ಎಲ್ಲರೂ ನಗಲಿಲ್ಲ. ಹೋರಾಟದ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ‘ಸಂಡಿಗೆಗೆ ಮಾರಿಹೋದ ಹೋರಾಟ’ ಎಂದು ಹಾಕಿದ. ಮಗನಿಗೆ ಪ್ರಮೋಷನ್ ಕೊಡಿಸಲು ಮೇಷ್ಟ್ರು ಬಗ್ಗಿದರು ಎಂಬ ಮಾತೂ ಹುಟ್ಟಿತು. ಹೊಸಪೇಟೆಯ ವಕೀಲರೊಬ್ಬರು ಮೊದಲಿನಿಂದ ಮಾವನವರ ಜೊತೆ ಬಿಸಿಲಲ್ಲಿ ಕುಳಿತವರು, ಜೈಲಿಗೂ ಒಟ್ಟಿಗೆ ಹೋಗೋಣ ಎನ್ನುತ್ತಿದ್ದವರು. ಅವರು ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಮಾವನವರನ್ನು ನೋಡಿಯೂ ಮುಖ ತಿರುಗಿಸಿ ಹೋದರು. ಅಂದು ಮಾವನವರು ಊಟಕ್ಕೆ ಏಳಲಿಲ್ಲ. ನನಗೆ ಬಹಳ ಸಂಕಟವಾಯಿತು. ಅದುವರೆಗೆ ಅವರ ಹಟವನ್ನು ನಕ್ಕು ನಕ್ಕು ಆಡಿಕೊಂಡವಳು ನಾನೇ. ಆ ಹಟ ಇಲ್ಲದ ಅವರು ಎಷ್ಟು ಸಣ್ಣಗೆ ಕಾಣುತ್ತಾರೆ ಎಂದು ಅಂದು ಗೊತ್ತಾಯಿತು.

“ನಾ ತಪ್ಪು ಮಾಡಿದ್ನೇನು?” ಎಂದು ಅತ್ತೆಯನ್ನು ಕೇಳಿದರು.

ಅತ್ತೆ ಸಮಾಧಾನ ಹೇಳಲಿಲ್ಲ. “ನನಗ ಗೊತ್ತಿಲ್ಲ. ವಕೀಲರ ಸಿಟ್ಟೂ ಖೊಟ್ಟಿ ಅಲ್ಲ. ನೀವು ಬರ್ರಿ ಇಲ್ಲಿ.” ಬಚ್ಚಲಿಗೆ ಕರೆದುಕೊಂಡು ಹೋಗಿ ಜಾಲಿಸಿದ ಬಕೆಟ್ ತೋರಿಸಿದರು. ಅವರ ಮುಷ್ಕರ ಯಾವಾಗಲೋ ಮುಗಿದಿತ್ತು, ಧೋತರ ಮತ್ತೆ ಅವರ ಕೈಗೇ ಬಂದಿತ್ತು. “ಮೂರನೇ ಬಕೆಟ್ ಇದು. ನೀವು ಒಗದಾಗ ಹೆಂಗಿತ್ತು ನೆನಪದನೋ?”

ಮಾವನವರು ಬಗ್ಗಿ ನೋಡಿದರು. ನೀರು ತಿಳಿಯಾಗಿರಲಿಲ್ಲ. ಆದರೆ ಬಕೆಟ್ಟಿನ ತಳ ಕಾಣುತ್ತಿತ್ತು. ಎದ್ದು ಬಂದು ಊಟಕ್ಕೆ ಕುಳಿತರು.

ಬೈಪಾಸ್ ಇನ್ನೂ ಬಂದಿಲ್ಲ. ಮಾವನವರು ಇವತ್ತಿಗೂ ಬಿಳಿ ಉಟ್ಟು ತಿಂಗಳಿಗೊಮ್ಮೆ ಸಂಡೂರಿನ ಕಚೇರಿಗೆ ಹೋಗಿ, ಬೈಪಾಸ್ ಎಲ್ಲಿಗೆ ಬಂತು ಎಂದು ಕೇಳಿ, ಜಗಳವಾಡಿ ಬರುತ್ತಾರೆ. ಟ್ಯಾಂಕರ್ ಒಂದು ದಿನ ಬಂದರೆ ಒಂದು ದಿನ ಇಲ್ಲ. ಆಗ ಇವರೇ ರಸ್ತೆಗಿಳಿದು ಕೂಗಾಡಬೇಕು. ವಕೀಲರು ಇನ್ನೂ ಮಾತಾಡುವುದಿಲ್ಲ.

ಅತ್ತೆ ತಮ್ಮ ಮಾಳಿಗೆಯನ್ನು ಎರಡು ಬೇಸಿಗೆ ಅನುಭವಿಸಿದರು. ಅರ್ಧ ದಿನದ ಬಿಸಿಲಿನ ಒಂದು ಕಷ್ಟ ಏನೆಂದರೆ ಸಂಡಿಗೆ ಒಂದೇ ದಿನಕ್ಕೆ ಒಣಗುವುದಿಲ್ಲ. ಲಾರಿ ಹೊರಡುವ ಮುಂಚೆ ಧೋತರ ಸಮೇತ ಕೆಳಗೆ ತರಬೇಕು, ಮರುದಿನ ಮತ್ತೆ ಹೊತ್ತುಕೊಂಡು ಹತ್ತಬೇಕು. ಒಪ್ಪಂದದಿಂದ ಬಿಸಿಲು ಸಿಕ್ಕಿತು, ಮೆಟ್ಟಿಲು ದುಪ್ಪಟ್ಟಾಯಿತು. ಮೂರನೆಯ ಬೇಸಿಗೆಗೆ ಅವರ ಮೊಣಕಾಲು ಕೈಕೊಟ್ಟಿತು. ಮೊದಲ ಮೆಟ್ಟಿಲಿಗೆ ಕಾಲಿಟ್ಟು, ಗೋಡೆ ಹಿಡಿದು ನಿಂತು, ಹಾಗೇ ಹಿಂದಕ್ಕೆ ಬಂದು ಕುಳಿತರು. ಕುದಿಸಿಟ್ಟ ಅಂಬಲಿ ಒಲೆಯ ಮೇಲೆ ಆರುತ್ತಿತ್ತು. ನಾನು ಆಫೀಸಿಗೆ ಹೊರಟವಳು ಚೀಲ ಕೆಳಗಿಟ್ಟೆ.

“ನಾ ಹೋಗ್ತೀನಿ,” ಎಂದರು ಮಾವನವರು.

“ನಿಮಗ ಮಡಿ ಎಲ್ಲಿ? ಹೊರಗ ಅಡ್ಡಾಡಿ ಬಂದೀರಿ. ಮಡಿ ಧೋತರ ಎಲ್ಲಾ ಒದ್ದಿ ಅವ. ಮಡಿ ಇಲ್ಲದ ಸಂಡಿಗಿ ದೇವರಿಗೆ ಬರೂದಿಲ್ಲ.”

ಮಾವನವರು ಸ್ನಾನ ಮಾಡಿ ಬಂದು, ಪೆಟ್ಟಿಗೆ ತೆಗೆದು ಧಾಬಳಿ ಉಟ್ಟರು. ನಮ್ಮ ಸಂಡೂರಿನ ಬೇಸಿಗೆಯಲ್ಲಿ, ಉರಿಬಿಸಿಲಲ್ಲಿ, ಉಣ್ಣೆ. ಪಾತ್ರೆ ಎತ್ತಿಕೊಂಡು ಮೆಟ್ಟಿಲು ಹತ್ತಿದರು. ಅಂದಿನಿಂದ ಆ ಕೆಲಸ ಅವರದ್ದೇ.

ಈ ವರ್ಷವೂ ಹಾಗೆಯೇ ನಡೆಯಿತು. ಯುಗಾದಿ ಹತ್ತಿರ ಬಂದಿತ್ತು, ರಜೆ ಇತ್ತು. ಅತ್ತೆ ಮೆಟ್ಟಿಲ ಬುಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಅಲ್ಲಿಂದ ಅವರಿಗೆ ಕಾಣುವುದು ಮೆಟ್ಟಿಲು ಮತ್ತು ಮೇಲೆ ಬಾಗಿಲಿನಷ್ಟಗಲ ಆಕಾಶ. ನಾನು ನಡುಮೆಟ್ಟಿಲಲ್ಲಿ ನಿಂತು ಇಬ್ಬರಿಗೂ ಬೇಕಾದ್ದು ದಾಟಿಸುತ್ತಿದ್ದೆ. ಮಾವನವರು ಧಾಬಳಿಯಲ್ಲಿ ಬೆವರು ಸುರಿಸುತ್ತ ಸಂಡಿಗೆ ಬಿಡುತ್ತಿದ್ದರು.

“ದೂರ ದೂರ ಇಡ್ರಿ, ಒಂದಕ್ಕೊಂದು ಹತ್ತಬಾರದು!” ಎಂದು ಕೆಳಗಿನಿಂದ ಅತ್ತೆ.

“ನನಗ ಗೊತ್ತದ!” ಎಂದು ಮೇಲಿನಿಂದ ಮಾವನವರು.

ಆಮೇಲೆ ಅತ್ತೆ ಬೇರೆ ದನಿಯಲ್ಲಿ ಕೇಳಿದರು. “ಏನ್ರೀ, ಬೇವಿನ ಗಿಡ ಹೆಂಗದ?”

ಮಾವನವರು ಸೌಟು ಹಿಡಿದ ಕೈ ನಿಲ್ಲಿಸಿ ಗಿಡದ ಕಡೆ ನೋಡಿದರು. ಆಮೇಲೆ ಬಾಗಿಲ ಕಡೆ ನೋಡಿದರು.

“ಹಸುರಾಗೇದ. ಪೂರಾ ಹಸುರಾಗೇದ.”

ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆದರೆ ಕೆಳಗೆ ಕುಳಿತ ಅತ್ತೆ ಬಿಡಲಿಲ್ಲ.

“ಸುಳ್ಳು ಹೇಳ್ಲಿಕ್ಕೆ ಬರೂದಿಲ್ಲ ನಿಮಗ. ಎಷ್ಟದ ಅಷ್ಟು ಹೇಳ್ರಿ.”

ಮಾವನವರು ಧಾಬಳಿಯ ಅಂಚಿನಿಂದ ಹಣೆ ಒರೆಸಿಕೊಂಡರು. ಇದ್ದರೆ ಪೂರಾ, ಇಲ್ಲದಿದ್ದರೆ ಏನೂ ಇಲ್ಲ ಎಂದು ಬದುಕಿದ ಮನುಷ್ಯ ಗೋಡೆಯಂಚಿಗೆ ಹೋಗಿ ಗಿಡವನ್ನು ಮತ್ತೊಮ್ಮೆ ನೋಡಿದರು, ಪರೀಕ್ಷೆಯ ಪೇಪರ್ ತಿದ್ದುವಷ್ಟು ಗಮನ ಕೊಟ್ಟು.

“ಕೆಳಗ, ಲಾರಿ ಕಡಿಗೆ ಇನ್ನೂ ಕೆಂಪದ,” ಎಂದರು. “ಮ್ಯಾಲಿನ ಅರ್ಧ ಹಸುರದ.”

“ಹಂಗಾದ್ರ ಮ್ಯಾಲಿನ ಅರ್ಧದಾಗ ಕಿತ್ತುಕೊಂಡು ಬರ್ರಿ. ನಾಡಿದ್ದು ಯುಗಾದಿ ಅದ.”

ಮಾವನವರು ಕೈ ಚಾಚಿ ಒಂದು ರೆಂಬೆ ಬಗ್ಗಿಸಿದರು. ಚಿಗುರು, ಹೂವು ಎರಡೂ ಇದ್ದವು. ಅದನ್ನು ನನ್ನ ಕೈಗೆ ಕೊಟ್ಟರು, ನಾನು ಕೆಳಗೆ ಇಳಿಸಿದೆ. ಅತ್ತೆ ಒಂದೊಂದೇ ಎಲೆ ತಿರುಗಿಸಿ ನೋಡಿ, ಸೆರಗಿನಲ್ಲಿ ಹಾಕಿಕೊಂಡರು. ಹಿಂದಿನ ದಿನ ಕಂಪ್ಲಿಯಿಂದ ನಾನು ತಂದಿದ್ದ ಬೇವು ಒಳಗೆ ಚೀಲದಲ್ಲೇ ಇತ್ತು. ಅದರ ಸುದ್ದಿ ನಾನು ಎತ್ತಲಿಲ್ಲ.